‘ಸಿಂಗ್‌ಶ್ಪೀಲ್’ಗೆ ಕನ್ನಡದಲ್ಲಿ ಯಾವ ಪದ? ‘ಅಬು ಹಸನ್’ ಕುರಿತು ಬರೆಯುವಾಗ ಎದ್ದ ಕೆಲವು ಪ್ರಶ್ನೆಗಳು

ಜರ್ಮನ್ ಭಾಷೆಯ ‘ಸಿಂಗ್‌ಶ್ಪೀಲ್’ ಎಂಬ ರಂಗಪ್ರಕಾರವನ್ನು ಕನ್ನಡದಲ್ಲಿ ಯಾವ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆಯನ್ನು ಪದಾಸಕ್ತರ ಮುಂದೆ ಇಡುತ್ತಿದ್ದೇನೆ. ಕಾರ್ಲ್ ಮರಿಯಾ ಫೋನ್ ವೇಬರ್ ಸಂಗೀತ ರಚಿಸಿದ, 1811ರ ಜೂನ್ 4ರಂದು ಮ್ಯೂನಿಕ್ ನಗರದ ಅರಮನೆಯ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡ ‘ಅಬು ಹಸನ್’ ಎಂಬ ಏಕಾಂಕ ಕೃತಿಯನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿರುವಾಗ ಈ ಪ್ರಶ್ನೆ ಎದ್ದಿತು. ಆ ಕೃತಿಯಲ್ಲಿ ಪಾತ್ರಗಳು ಹಾಡುತ್ತವೆ. ಹಾಡು ಮುಗಿದ ಮೇಲೆ ಸಾಮಾನ್ಯ ನಾಟಕದಲ್ಲಿ ಮಾತನಾಡುವ ಹಾಗೆಯೇ ಮಾತನಾಡುತ್ತವೆ. ಕಥೆ ಬಹುಪಾಲು ಮಾತಿನಲ್ಲಿಯೇ ಮುಂದೆ ಸಾಗುತ್ತದೆ. ಇದನ್ನು ಬರಿದೇ ‘ಆಪೆರಾ’ ಎಂದು ಕರೆದರೆ ಮೊದಲಿನಿಂದ ಕೊನೆಯವರೆಗೆ ಹಾಡಿಕೊಂಡೇ ಹೋಗುವ ಇಟಲಿಯ ಮಾದರಿ ಓದುಗರ ಮನಸ್ಸಿಗೆ ಬರುತ್ತದೆ. ‘ಗೀತನಾಟಕ’ ಎಂದರೂ ಅದೇ ತೊಡಕು ಬೇರೆ ದಾರಿಯಿಂದ ಬರುತ್ತದೆ.

ಚರ್ಚೆಗೆ ಆಧಾರವಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಫ್ರಾನ್ಸ್ ಕಾರ್ಲ್ ಹೀಮರ್ ಬರೆದ ಪಠ್ಯಕ್ಕೆ ಮೂಲ ಅರೇಬಿಯನ್ ನೈಟ್ಸ್ ಕಥೆಗಳಲ್ಲೊಂದು. ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದನಿಗೆ ಅಚ್ಚುಮೆಚ್ಚಿನವನಾದ ಅಬು ಹಸನ್ ಮತ್ತು ಖಲೀಫನ ಪತ್ನಿ ಝುಬೈದೆಯ ಸೇವೆಯಲ್ಲಿರುವ ಅವನ ಹೆಂಡತಿ ಫಾತಿಮಾ ಇಬ್ಬರೂ ಕೈಬಿಚ್ಚಿ ಖರ್ಚು ಮಾಡಿ ಸಾಲದಲ್ಲಿ ಮುಳುಗಿರುತ್ತಾರೆ. ಹೆಂಡತಿ ಸತ್ತಳೆಂದು ಗಂಡ ಖಲೀಫನ ಬಳಿಯೂ, ಗಂಡ ಸತ್ತನೆಂದು ಹೆಂಡತಿ ಝುಬೈದೆಯ ಬಳಿಯೂ ಅತ್ತುಕೊಂಡು ಹೋಗಿ ಅಂತ್ಯಕ್ರಿಯೆಯ ಖರ್ಚಿಗೆಂದು ಹಣ ತರುತ್ತಾರೆ. ಸತ್ತವರು ಯಾರೆಂಬ ಬಗ್ಗೆ ಅರಮನೆಯಲ್ಲಿ ಖಲೀಫನಿಗೂ ಝುಬೈದೆಗೂ ವಾದ ಹತ್ತಿಕೊಳ್ಳುತ್ತದೆ. ಖಲೀಫನ ಕಡೆಯಿಂದ ಮಸ್ರೂರ್ ನೋಡಲು ಬಂದಾಗ ಫಾತಿಮಾ ಹೆಣದಂತೆ ಮಲಗಿರುತ್ತಾಳೆ. ಝುಬೈದೆಯ ಕಡೆಯಿಂದ ಝೆಮ್ರೂದ್ ಬಂದಾಗ ಹಸನ್ ಮಲಗಿರುತ್ತಾನೆ. ಕೊನೆಗೆ ದೊರೆ ದಂಪತಿಗಳೇ ಬಂದು ನೋಡಿದರೆ ಇಬ್ಬರೂ ಸತ್ತು ಬಿದ್ದಿದ್ದಾರೆ. ಮೊದಲು ಸತ್ತವರು ಯಾರೆಂದು ಹೇಳಿದವರಿಗೆ ಬಹುಮಾನ ಕೊಡುತ್ತೇನೆಂದು ಖಲೀಫ ಸಾರುತ್ತಲೇ ಹಸನ್ ಎದ್ದು ನಿಂತು, ಮೊದಲು ಸತ್ತವನು ತಾನೇ ಎಂದು ಹೇಳಿಬಿಡುತ್ತಾನೆ.

ಈ ಕೊನೆಯ ಉತ್ತರ ಬರುವುದು ಹಾಡಿನಲ್ಲಲ್ಲ, ಮಾತಿನಲ್ಲಿ ಎಂಬುದು ನನ್ನ ಪ್ರಶ್ನೆಯ ತಿರುಳು. ಹಸನ್, ಫಾತಿಮಾ ಮತ್ತು ಅವಳ ಮೇಲೆ ಕಣ್ಣಿಟ್ಟಿರುವ ಓಮರ್ ಈ ಮೂವರು ಮಾತ್ರ ಹಾಡುವ ಪಾತ್ರಗಳು. ಇವರ ಜೊತೆಗೆ ಮೇಳ, ಎಂದರೆ ಒಟ್ಟಾಗಿ ಹಾಡುವವರ ಗುಂಪು, ಇದೆ. ಖಲೀಫ, ಝುಬೈದೆ, ಮಸ್ರೂರ್, ಝೆಮ್ರೂದ್ ಇವರೆಲ್ಲ ಆದಿಯಿಂದ ಅಂತ್ಯದವರೆಗೆ ಒಂದು ಸ್ವರವನ್ನೂ ಹಾಡುವುದಿಲ್ಲ. ಖಲೀಫನ ಪ್ರಶ್ನೆ ಮಾತು, ಹಸನನ ಉತ್ತರವೂ ಮಾತು. ಕಥೆಯ ಗಂಟು ಬಿಚ್ಚಿಕೊಂಡಾದ ಮೇಲೆಯೇ ಮೇಳದವರು ಹರ್ಷದ ಕೊನೆಯ ಹಾಡನ್ನು ಎತ್ತಿಕೊಳ್ಳುತ್ತಾರೆ. ಹಾಡುಗಳನ್ನಷ್ಟೇ ಆಯ್ದು ಕೇಳಿದವರಿಗೆ ವೇಬರನ ಸಂಗೀತವೇನೋ ಸಿಕ್ಕೀತು, ಆದರೆ ಕಥೆ ಹೇಗೆ ಮುಗಿಯಿತೆಂಬುದು ತಿಳಿಯುವುದೇ ಇಲ್ಲ. ಹಾಗಾಗಿ ಈ ಪ್ರಕಾರದಲ್ಲಿ ಮಾತೆಂಬುದು ಹಾಡುಗಳ ನಡುವಿನ ಸಂದು ತುಂಬುವ ಸಾಮಗ್ರಿಯಲ್ಲ. ನಾವು ಆರಿಸುವ ಕನ್ನಡ ಪದ ಮಾತಿಗೂ ಎಡೆ ಕೊಡಬೇಕು, ಕನಿಷ್ಠ ಪಕ್ಷ ಅದನ್ನು ಅಲ್ಲಗಳೆಯಬಾರದು.

‘ಗೀತನಾಟಕ’ದ ಬಗ್ಗೆ ನನ್ನ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಪು.ತಿ.ನ. ಅವರ ಕೃತಿಗಳಿಂದಲೂ ಶಿವರಾಮ ಕಾರಂತರ ಪ್ರಯೋಗಗಳಿಂದಲೂ ಆ ಪದಕ್ಕೆ ಕನ್ನಡದಲ್ಲಿ ಒಂದು ಖಚಿತವಾದ ಅರ್ಥ ಕೂಡಿಬಂದಿದೆ: ಅಲ್ಲಿ ನಾಟಕದ ನಡೆಯನ್ನು ಹೊರುವುದೇ ಗೀತ. ಪು.ತಿ.ನ. ಅವರಿಗೆ 1966ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಸಂಗ್ರಹದ ಹೆಸರಿನಲ್ಲಿರುವುದು ‘ರೂಪಕಗಳು’ ಎಂಬ ಪದ; ಆಕಾಶವಾಣಿಯ ಬಳಕೆಯಿಂದ ‘ಗೀತರೂಪಕ’ವೂ ‘ಸಂಗೀತರೂಪಕ’ವೂ ನಮಗೆ ಪರಿಚಿತವಾಗಿವೆ. ‘ಗೀತರೂಪಕ’ವೆಂದೊಡನೆ ನಿರೂಪಕರ ಧ್ವನಿ, ನಡುನಡುವೆ ಹಾಡು, ಹೆಚ್ಚಾಗಿ ಪುರಾಣದ ಅಥವಾ ನಾಡಹಬ್ಬದ ವಸ್ತು ಕಿವಿಗೆ ಬರುತ್ತದೆ. ಸಾಲಗಾರರ ಕಾಟದಿಂದ ತಪ್ಪಿಸಿಕೊಳ್ಳಲು ಸತ್ತಂತೆ ಮಲಗುವ ಗಂಡ ಹೆಂಡಿರ ಕಥೆಗೆ ಆ ಗಾಂಭೀರ್ಯ ಹೊಂದುವುದಿಲ್ಲ. ಈ ಪದಗಳನ್ನು ಅವುಗಳ ಪಾಡಿಗೆ ಬಿಡುವುದೇ ಲೇಸು. ಒಳ್ಳೆಯ ಪದವೊಂದನ್ನು ಅದು ಹೇಳದ ಅರ್ಥಕ್ಕೆ ಎಳೆದರೆ ಮೊದಲಿನ ಅರ್ಥವೂ ಮಸುಕಾಗುತ್ತದೆ.

ಎರಡನೆಯ ಆಯ್ಕೆ ‘ಸಂಗೀತ ನಾಟಕ’. ವಸ್ತುವಿನ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಹತ್ತಿರದ ಪದ ಸಿಗದು. ಗುಬ್ಬಿ ಕಂಪನಿಯೇ ಮೊದಲಾದ ವೃತ್ತಿ ಮಂಡಳಿಗಳ ರಂಗದ ಮೇಲೆ ನಟ ಮಾತನಾಡುತ್ತಿದ್ದ, ಮಾತಿನ ಕಾವು ಏರಿದಾಗ ಕಾಲು ಹಾರ್ಮೋನಿಯಂ ಶ್ರುತಿ ಕೊಡುತ್ತಿತ್ತು, ಅದೇ ನಟ ಕಂದವನ್ನೋ ಮಟ್ಟನ್ನೋ ಎತ್ತಿಕೊಳ್ಳುತ್ತಿದ್ದ, ಸಭೆಯಿಂದ ‘ಒನ್ಸ್ ಮೋರ್’ ಕೂಗು ಬಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುತ್ತಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಒಂದೇ ಬಾಯಿ ಮಾತನ್ನೂ ಹಾಡನ್ನೂ ಆಡುವ ಈ ಪದ್ಧತಿಯೇ ಸಿಂಗ್‌ಶ್ಪೀಲ್‌ನ ಪದ್ಧತಿ ಕೂಡ. ಯಕ್ಷಗಾನದಲ್ಲಿ ಹಾಗಿಲ್ಲ: ಅಲ್ಲಿ ಪದ ಭಾಗವತರದು, ಅರ್ಥ ವೇಷಧಾರಿಯದು, ಹಾಡು ಮತ್ತು ಮಾತು ಎರಡೂ ಇದ್ದರೂ ಅವು ಬೇರೆ ಬೇರೆ ಬಾಯಲ್ಲಿ ಇರುತ್ತವೆ. ಆದ್ದರಿಂದ ಹೋಲಿಕೆಗೆ ಕಂಪನಿ ನಾಟಕವೇ ಹೆಚ್ಚು ಸಮೀಪ.

ಆದರೆ ‘ಸಂಗೀತ ನಾಟಕ’ ಎಂಬ ಪದಕ್ಕೆ ಇಂದು ಎರಡು ತೊಡಕುಗಳಿವೆ. ಮೊದಲನೆಯದು ಸಮಾಸದ್ದು. ‘ಸಂಗೀತದಿಂದ ಕೂಡಿದ ನಾಟಕ’ ಎಂದು ಬಿಡಿಸಿದರೆ ಒಂದರ್ಥ, ‘ಸಂಗೀತವೂ ನಾಟಕವೂ’ ಎಂದು ಬಿಡಿಸಿದರೆ ಇನ್ನೊಂದು. ದೆಹಲಿಯ ಸಂಗೀತ ನಾಟಕ ಅಕಾಡೆಮಿಯ ಹೆಸರು ಎಲ್ಲರ ಕಿವಿಯಲ್ಲೂ ಇರುವುದರಿಂದ ಎರಡನೆಯ ಅರ್ಥವೇ ಇಂದಿನ ಓದುಗನಿಗೆ ಮೊದಲು ಹೊಳೆಯುತ್ತದೆ. ಎರಡನೆಯ ತೊಡಕು ಇತಿಹಾಸದ್ದು. ಆ ಪದ ನಮ್ಮ ವೃತ್ತಿ ರಂಗಭೂಮಿಯ, ಅದಕ್ಕೆ ಮಾದರಿಯೊದಗಿಸಿದ ಮರಾಠಿ ಮತ್ತು ಪಾರ್ಸಿ ಕಂಪನಿಗಳ ನೆನಪನ್ನು ಇಡಿಯಾಗಿ ಹೊತ್ತುಕೊಂಡಿದೆ. ಮ್ಯೂನಿಕ್ ಅಥವಾ ವಿಯೆನ್ನಾದ ಕೃತಿಗೆ ಅದನ್ನು ಅಂಟಿಸಿದರೆ ಹೋಲಿಕೆ ಎಂಬುದು ಗುರುತಿನ ಹೆಸರೇ ಆಗಿಬಿಡುತ್ತದೆ. ‘ಕಂಪನಿಯ ಸಂಗೀತ ನಾಟಕವನ್ನು ಹೋಲುವ ಪ್ರಕಾರ’ ಎಂದು ವಿವರಿಸುವುದಕ್ಕೆ ನನ್ನ ಒಪ್ಪಿಗೆ ಇದೆ. ‘ಇದು ಸಂಗೀತ ನಾಟಕ’ ಎಂದು ಹೆಸರಿಡುವುದಕ್ಕೆ ಇಲ್ಲ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಬೇಕು. ಕಂಪನಿ ನಾಟಕದಲ್ಲಿ ರಾಜಪಾತ್ರವೆಂದರೆ ಹಾಡುಗಾರನ ಪಾತ್ರ. ಹಾಡಲು ಬಾರದವನಿಗೆ ರಾಜನ ಕಿರೀಟ ಸಿಗುವುದು ಕಷ್ಟವಿತ್ತು. ‘ಅಬು ಹಸನ್’ನಲ್ಲಿ ದೊರೆ ಹಾಡುವುದೇ ಇಲ್ಲ. ಮೊಟ್ಸಾರ್ಟ್ 1782ರಲ್ಲಿ ವಿಯೆನ್ನಾಕ್ಕಾಗಿ ಬರೆದ, ತುರ್ಕಿ ಅಂತಃಪುರದಿಂದ ಸೆರೆಯಾಳುಗಳು ಪಾರಾಗಲು ಯತ್ನಿಸುವ ಕಥೆಯ ಸಿಂಗ್‌ಶ್ಪೀಲ್‌ನಲ್ಲಿಯೂ ಎಲ್ಲರ ಹಣೆಬರಹ ಬರೆಯುವ ಸೆಲಿಮ್ ಪಾಷಾ ಬರಿಯ ಮಾತಿನ ಪಾತ್ರ. ವೇಬರ್‌ನದೇ ‘ಡೆರ್ ಫ್ರೈಶ್ಯುಟ್ಸ್’ ಎಂಬ ಕೃತಿಯಲ್ಲಿ, ಅದು 1821ರ ಜೂನ್ 18ರಂದು ಬರ್ಲಿನ್‌ನಲ್ಲಿ ರಂಗಕ್ಕೆ ಬಂದದ್ದು, ಸಾಮಿಯೆಲ್ ಎಂಬ ಕಾಡಿನ ಪಿಶಾಚಿ ಮಾತನಾಡುತ್ತದೆ, ಹಾಡುವುದಿಲ್ಲ. ಅದರ ಮುಂದೆ ಕೈಜೋಡಿಸುವ ಕಾಸ್ಪರ್ ಹಾಡುತ್ತಾನೆ. ಅಧಿಕಾರ ಯಾರ ಕೈಯಲ್ಲಿದೆಯೋ ಅವರು ಮಾತನಾಡುವುದು, ಬೇಡುವವರು, ನಟಿಸುವವರು, ಪ್ರೀತಿಸುವವರು ಹಾಡುವುದು ಈ ಮೂರೂ ಕೃತಿಗಳಲ್ಲಿ ಕಾಣುತ್ತದೆ. ಇದು ಪ್ರಕಾರದ ಕಡ್ಡಾಯ ನಿಯಮವಲ್ಲ. ಆದರೂ ಮಾತು ಮತ್ತು ಹಾಡು ಎರಡು ಬೇರೆ ಬೇರೆ ಅಂತಸ್ತುಗಳಾಗಿ ನಿಲ್ಲಲು ಈ ಪ್ರಕಾರ ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದಕ್ಕೆ ಇವು ಒಳ್ಳೆಯ ನಿದರ್ಶನಗಳು.

ಇನ್ನು ಮೂಲ ಪದದ ರಚನೆಗೆ ಬರೋಣ. ‘ಸಿಂಗೆನ್’ ಎಂದರೆ ಹಾಡುವುದು. ‘ಶ್ಪೀಲ್’ ಎಂದರೆ ಆಟ. ಆಡುವ ಆಟವೂ ‘ಶ್ಪೀಲ್’, ರಂಗದ ಮೇಲಿನ ಆಟವೂ ‘ಶ್ಪೀಲ್’. ಜರ್ಮನ್ ಭಾಷೆಯಲ್ಲಿ ಇದೊಂದು ದೊಡ್ಡ ಕುಟುಂಬ: ನೋಡುವ ಆಟ ‘ಶೌಶ್ಪೀಲ್’ ಎಂದರೆ ನಾಟಕ, ನಲಿವಿನ ಆಟ ‘ಲುಸ್ಟ್‌ಶ್ಪೀಲ್’ ಎಂದರೆ ಸುಖಾಂತ ವಿನೋದ ನಾಟಕ, ದುಃಖದ ಆಟ ‘ಟ್ರೌವರ್‌ಶ್ಪೀಲ್’ ಎಂದರೆ ನಾವು ರುದ್ರನಾಟಕ ಎನ್ನುವಂಥದ್ದು. ಉಚ್ಚಾರಣೆಯ ಬಗ್ಗೆ ಒಂದು ಮಾತು. ಉತ್ತರ ಜರ್ಮನಿಯವರ ಬಾಯಲ್ಲಿ ಪದದ ಮೊದಲ ಅಕ್ಷರ ಝಿ ಎಂಬುದಕ್ಕೆ ಹತ್ತಿರವಾಗಿ ಕೇಳುತ್ತದೆ; ದಕ್ಷಿಣದ ಬವೇರಿಯಾದವರೂ ಆಸ್ಟ್ರಿಯಾದವರೂ ‘ಸಿ’ ಎಂದೇ ನುಡಿಯುತ್ತಾರೆ. ಈ ಪ್ರಕಾರಕ್ಕೆ ಮ್ಯೂನಿಕ್ ಮತ್ತು ವಿಯೆನ್ನಾ ಎರಡೂ ಮುಖ್ಯ ನೆಲೆಗಳಾದ್ದರಿಂದ, ಕನ್ನಡ ಲಿಪಿಗೆ ಸಹಜವೂ ಆಗಿರುವ ‘ಸಿಂಗ್‌ಶ್ಪೀಲ್’ ಎಂಬ ರೂಪವನ್ನೇ ನಾನು ಬಳಸುತ್ತಿದ್ದೇನೆ.

‘ಶ್ಪೀಲ್’ಗೆ ಕನ್ನಡದ ‘ಆಟ’ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಗಮನಿಸಬೇಕು. ಕರಾವಳಿಯಲ್ಲಿ ‘ಇವತ್ತು ರಾತ್ರಿ ಆಟ ಉಂಟು’ ಎಂದರೆ ಅದು ಯಕ್ಷಗಾನವೇ. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟ ಎಲ್ಲದರಲ್ಲೂ ಅದೇ ಆಟ. ಉತ್ತರ ಕರ್ನಾಟಕದ ಸಣ್ಣಾಟದಲ್ಲಿ ಹಾಡಿನ ಜೊತೆಗೆ ಗದ್ಯದ ಮಾತೂ ಧಾರಾಳವಾಗಿ ಇರುತ್ತದೆ. ವಸ್ತುವೂ ಮನೆಮಠದ, ಊರುಕೇರಿಯ ವಸ್ತುವಾಗಿರಬಹುದು. ಹಾಗಿರುವಾಗ ‘ಹಾಡು’ ಮತ್ತು ‘ಆಟ’ ಸೇರಿಸಿ ‘ಹಾಡಾಟ’ ಎಂದು ಏಕೆ ಅನ್ನಬಾರದು ಎಂದು ಕೇಳಬಹುದು. ಇಲ್ಲಿ ಕನ್ನಡದ ವ್ಯಾಕರಣ ಅಡ್ಡ ಬರುತ್ತದೆ. ಧಾತುವಿಗೆ ನೇರವಾಗಿ ಸೇರಿದ ‘ಆಟ’ ರಂಗದ ಆಟವಾಗಿ ಉಳಿಯುವುದಿಲ್ಲ. ಅದು ಒಂದೇ ಸಮನೆ, ಹಲವು ಬಾರಿ, ಕೆಲವೊಮ್ಮೆ ಸಹನೆ ಮೀರುವಷ್ಟು ನಡೆಯುವ ಕ್ರಿಯೆಯನ್ನು ಹೇಳುತ್ತದೆ. ಕೂಗಾಟ, ಕಿರುಚಾಟ, ನರಳಾಟ, ಓಡಾಟ, ಹಾರಾಟ, ತಿಣುಕಾಟ, ಹುಡುಕಾಟ: ಈ ಸಾಲಿನಲ್ಲಿ ‘ಹಾಡಾಟ’ವನ್ನು ನಿಲ್ಲಿಸಿದರೆ ಓದುಗ ಅದನ್ನು ‘ನಿಲ್ಲಿಸದೆ ಹಾಡುತ್ತಲೇ ಇರುವುದು’ ಎಂದೇ ತಿಳಿಯುತ್ತಾನೆ. ಮಾತಿಗೆ ಜಾಗವಿರಲಿ ಎಂದು ಹೊರಟ ನಮಗೆ ಅದು ಸಲ್ಲದು.

ಬಯಲಾಟ, ದೊಡ್ಡಾಟ, ಸಣ್ಣಾಟಗಳಲ್ಲಿ ‘ಆಟ’ದ ಹಿಂದೆ ಇರುವುದು ಧಾತುವಲ್ಲ, ನಾಮಪದ ಅಥವಾ ಗುಣವಾಚಕ ಎಂಬುದನ್ನು ನೋಡಿದರೆ ದಾರಿ ಕಾಣುತ್ತದೆ. ಷಷ್ಠಿಯನ್ನು ಉಳಿಸಿಕೊಂಡು ‘ಹಾಡಿನಾಟ’ ಎಂದರೆ ಕ್ರಿಯೆಯ ಅರ್ಥ ಬಿಟ್ಟುಹೋಗಿ ಪ್ರಕಾರದ ಅರ್ಥ ನಿಲ್ಲುತ್ತದೆ. ಎರಡೂ ಅಚ್ಚಗನ್ನಡ ಪದಗಳಾದ್ದರಿಂದ, ‘ಹಾಡುನಾಟಕ’ ಎಂದಾಗ ಕೆಲವರು ಎತ್ತಬಹುದಾದ ಅರಿಸಮಾಸದ ಆಕ್ಷೇಪಕ್ಕೂ ಇಲ್ಲಿ ಎಡೆಯಿಲ್ಲ. ಅಂತ್ಯಾಕ್ಷರಿಯಂಥ ಹಾಡಿನ ಪಂದ್ಯವೆಂದು ಯಾರಾದರೂ ಭಾವಿಸಬಹುದೇ ಎಂಬ ಅನುಮಾನ ನನಗೂ ಇದೆ. ಆದರೆ ಮೂಲದ ‘ಶ್ಪೀಲ್’ ಪದದಲ್ಲಿಯೂ ಅದೇ ಎರಡರ್ಥ ಇದ್ದು, ಸಂದರ್ಭವೇ ಅದನ್ನು ತಿಳಿಗೊಳಿಸುತ್ತದೆ. ನನ್ನ ಬರಹದಲ್ಲಿ ಮೊದಲ ಸಲ ‘ಸಿಂಗ್‌ಶ್ಪೀಲ್ ಎಂಬ ಹಾಡಿನಾಟ’ ಎಂದು ಬರೆದು, ‘ಇದರಲ್ಲಿ ಹಾಡುಗಳ ನಡುವೆ ಮಾತು ಇರುತ್ತದೆ’ ಎಂದು ಒಂದು ವಾಕ್ಯದಲ್ಲಿ ತಿಳಿಸಿ, ಮುಂದೆ ‘ಹಾಡಿನಾಟ’ ಎಂದೇ ಬಳಸಲು ಯೋಚಿಸಿದ್ದೇನೆ. ಹೆಸರೇ ಇಡೀ ವಿವರಣೆಯನ್ನು ಹೊರಬೇಕೆಂದು ನಾವು ಬಯಸಬಾರದು; ‘ಯಕ್ಷಗಾನ’ ಎಂಬ ಹೆಸರಿನಲ್ಲಿ ಮಾತಿನ ಸುಳಿವೂ ಇಲ್ಲ, ಕುಣಿತದ ಸುಳಿವೂ ಇಲ್ಲ, ಆದರೂ ನಮ್ಮಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ.

ಜರ್ಮನರೇ ಈ ಹೆಸರುಗಳಲ್ಲಿ ಒಮ್ಮತದಿಂದ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಗಯಟೆ ತನ್ನ ‘ಎರ್ವಿನ್ ಮತ್ತು ಎಲ್ಮಿರೆ’ಯನ್ನು ಮೊದಲು ‘ಹಾಡುಳ್ಳ ನಾಟಕ’ ಎಂಬರ್ಥದ ಮಾತಿನಿಂದ ಕರೆದ. ಮೊಟ್ಸಾರ್ಟ್ 1791ರ ‘ಮಾಯಾ ಕೊಳಲು’ ಕೃತಿಯನ್ನು ತನ್ನ ಸ್ವಂತ ಪಟ್ಟಿಯಲ್ಲಿ ‘ಜರ್ಮನ್ ಆಪೆರಾ’ ಎಂದು ಬರೆದುಕೊಂಡ. ಅದರಲ್ಲಿ ಮಾತು ಬೇಕಾದಷ್ಟಿದೆ. ಸಂಗೀತಗಾರ ರೈಖಾರ್ಡ್ಟ್ 1800ರಲ್ಲಿ ಬರ್ಲಿನ್‌ನಲ್ಲಿ ಸರಳ ಗೀತೆಗಳನ್ನು ಪೋಣಿಸಿದ ಕೃತಿಗೆ ‘ಲೀಡರ್‌ಶ್ಪೀಲ್’ ಎಂಬ ಹೊಸ ಹೆಸರು ಕೊಟ್ಟ. 1837ರಲ್ಲಿ ಲೈಪ್ಸಿಗ್‌ನಲ್ಲಿ ಲೋರ್ಟ್ಸಿಂಗ್‌ನ ‘ಝಾರ್ ಮತ್ತು ಬಡಗಿ’ ರಂಗಕ್ಕೆ ಬರುವ ವೇಳೆಗೆ ಚಾಲ್ತಿಯಲ್ಲಿದ್ದ ಹೆಸರು ‘ಕೋಮಿಶೆ ಓಪರ್’. ಇಂಥ ಕೃತಿಗಳನ್ನು ‘ಶ್ಪೀಲ್‌ಓಪರ್’ ಎಂದು ಕರೆಯುವ ರೂಢಿಯೂ ಬೆಳೆಯಿತು.

‘ಕೋಮಿಶೆ ಓಪರ್’ ಎಂಬುದನ್ನು ‘ಹಾಸ್ಯ ಆಪೆರಾ’ ಎಂದು ಕನ್ನಡಿಸುವಾಗ ಎಚ್ಚರ ಬೇಕು. ಫ್ರಾನ್ಸಿನಲ್ಲಿ ‘ಒಪೆರಾ ಕೊಮಿಕ್’ ಎಂದರೆ ನಗಿಸುವ ಕೃತಿ ಎಂದೇನೂ ಅಲ್ಲ, ಮಾತು ಬೆರೆತ ಕೃತಿ ಎಂದು. ಕೊನೆಗೆ ನಾಯಕಿ ಇರಿತಕ್ಕೆ ಬಲಿಯಾಗುವ ‘ಕಾರ್ಮೆನ್’ 1875ರಲ್ಲಿ ಪ್ಯಾರಿಸ್‌ನ ಅದೇ ಹೆಸರಿನ ರಂಗಮಂದಿರದಲ್ಲಿ ಮಾತುಗಳ ಸಮೇತ ರಂಗಕ್ಕೆ ಬಂದಿತು. ನಗರದ ಮುಖ್ಯ ಆಪೆರಾ ಮಂದಿರದಲ್ಲಿ ಮಾತಿಗೆ ಅವಕಾಶವೇ ಇರಲಿಲ್ಲ. 1841ರಲ್ಲಿ ‘ಡೆರ್ ಫ್ರೈಶ್ಯುಟ್ಸ್’ ಅಲ್ಲಿಗೆ ಬಂದಾಗ ಅದರ ಮಾತುಗಳನ್ನೆಲ್ಲ ಫ್ರೆಂಚ್ ಸಂಗೀತಗಾರ ಬೆರ್ಲಿಯೋಸ್ ಹಾಡುಮಾತಿಗೆ ಅಳವಡಿಸಿಕೊಡಬೇಕಾಯಿತು. ‘ಅಬು ಹಸನ್’ ನಿಜಕ್ಕೂ ನಗಿಸುವ ಕೃತಿಯಾದ್ದರಿಂದ ನಮಗೆ ಸದ್ಯ ಈ ತೊಡಕಿಲ್ಲ. ಒಂದೇ ಅಂಕ, ಒಂದು ವಂಚನೆಯ ಸುತ್ತ ಹೆಣೆದ ಕಥೆ, ಹೆಸರಿಗೆ ತಕ್ಕ ಪೇಚುಗಳು: ಇದಕ್ಕೆ ದಶರೂಪಕಗಳಲ್ಲಿ ಒಂದಾದ ‘ಪ್ರಹಸನ’ವೇ ತಕ್ಕ ಪದವೆಂದು ನನ್ನ ಅಭಿಪ್ರಾಯ. ‘ಹಾಸ್ಯನಾಟಕ’ ಎಂಬುದು ಇಂದು ಸವೆದುಹೋದ ಪದ. ‘ಪ್ರಹಸನ’ದಲ್ಲಿ ಗಾತ್ರ ಮತ್ತು ಸ್ವಭಾವ ಎರಡೂ ತಿಳಿಯುತ್ತವೆ.

ಮೇಲೆ ‘ಹಾಡುಮಾತು’ ಎಂದೆನಲ್ಲ, ಅದು ‘ರೆಸಿಟೇಟಿವ್’ ಎಂಬುದಕ್ಕೆ. ಗಮಕವಾಚನವನ್ನು ಇದಕ್ಕೆ ಹೋಲಿಸುವವರಿದ್ದಾರೆ. ತಾಳದ ಕಟ್ಟಿಲ್ಲದೆ ಪಠ್ಯದ ನಡೆಯನ್ನು ಅನುಸರಿಸುವುದರಲ್ಲಿ ಹೋಲಿಕೆ ಸರಿ. ಆದರೆ ಗಮಕದಲ್ಲಿ ರಾಗಕ್ಕಿರುವ ಮಹತ್ವ ರೆಸಿಟೇಟಿವ್‌ನಲ್ಲಿ ಯಾವುದಕ್ಕೂ ಇಲ್ಲ, ಅದು ಮಾತಿಗೆ ಸ್ವರದ ತೆಳುವಾದ ಹೊದಿಕೆಯಷ್ಟೆ. ಇನ್ನೊಂದು ಪದ ‘ಮೆಲೊಡ್ರಾಮ’. ಕನ್ನಡದ ಸಿನಿಮಾ ವಿಮರ್ಶೆಯಲ್ಲಿ ಅದಕ್ಕೆ ಅತಿಭಾವುಕತೆ ಎಂಬ ಅರ್ಥ ನಿಂತುಬಿಟ್ಟಿದೆ. ಆದರೆ ಆ ಕಾಲದ ಜರ್ಮನ್ ಸಂಗೀತಗಾರರಿಗೆ ಅದು ವಾದ್ಯವೃಂದ ನುಡಿಯುತ್ತಿರುವಾಗ ಅದರ ಮೇಲೆ ಆಡುವ ಮಾತು. ಬೇಟ್‌ಹೋವನ್‌ನ ‘ಫಿಡೇಲಿಯೋ’ದಲ್ಲಿ ಸೆರೆಮನೆಯ ನೆಲಮಾಳಿಗೆಗೆ ಇಳಿಯುವ ಲಿಯೊನೋರೆ ಮತ್ತು ರೋಕ್ಕೋ ಮಾತನಾಡುವುದು ಹೀಗೆಯೇ. ‘ಫಿಡೇಲಿಯೋದಲ್ಲಿ ಮೆಲೊಡ್ರಾಮ ಇದೆ’ ಎಂದು ಕನ್ನಡದಲ್ಲಿ ಬರೆದರೆ ಓದುಗ ಅದನ್ನು ದೂರು ಎಂದು ತಿಳಿಯುತ್ತಾನೆ. ‘ವಾದ್ಯದೊಡನೆ ಮಾತು’ ಎಂದು ಬಿಡಿಸಿ ಹೇಳುವುದೇ ಸದ್ಯಕ್ಕೆ ಕ್ಷೇಮ.

‘ಅಬು ಹಸನ್’ನ ಒಳಗಿನ ಎರಡು ಪದಗಳ ಬಗ್ಗೆಯೂ ಬಲ್ಲವರ ಸಲಹೆ ಬೇಕು. ಮೊದಲನೆಯದು ಓಮರ್‌ನ ವೃತ್ತಿ. ಮೂಲದಲ್ಲಿ ಅವನು ‘ವೆಕ್ಸ್ಲರ್’, ಎಂದರೆ ಹಣ ಬದಲಾಯಿಸಿಕೊಡುವವನು. ‘ಸಾಹುಕಾರ’ ಎಂದರೆ ಸಿರಿವಂತಿಕೆಯಷ್ಟೇ ತಿಳಿಯುತ್ತದೆ. ಹಳೆಯ ಕನ್ನಡದ ‘ಚಿನಿವಾರ’ ವೃತ್ತಿಯ ದೃಷ್ಟಿಯಿಂದ ನಿಖರವಾದ ಪದ; ಪತ್ರಿಕೆಗಳ ‘ಚಿನಿವಾರ ಪೇಟೆ’ಯಲ್ಲಿ ಇನ್ನೂ ಜೀವಂತವಿದೆ, ಆದರೆ ಅಲ್ಲಿ ಅದು ಚಿನ್ನಬೆಳ್ಳಿಯ ಧಾರಣೆಗೆ ಸೀಮಿತವಾಗಿದೆ. ನನ್ನ ಒಲವು ‘ಸರಾಫ’ ಎಂಬುದರ ಕಡೆಗೆ. ನಮ್ಮ ಊರುಗಳಲ್ಲಿ ಸರಾಫರ ಅಂಗಡಿಗಳು ಇದ್ದೇ ಇವೆ, ಪದವೂ ಅರಬ್ಬಿ ಮೂಲದ್ದೇ. ಬಾಗ್ದಾದಿನ ಕಥೆಯಲ್ಲಿ ಅದು ತನ್ನ ಮನೆಯಲ್ಲೇ ಇದ್ದಂತೆ ಇರುತ್ತದೆ.

ಎರಡನೆಯದು ಹೆಚ್ಚು ತೊಡಕಿನದು. ಸಾಲ ಕೊಟ್ಟವರೆಲ್ಲ ಸೇರಿ ಅಬು ಹಸನನ ಬಾಗಿಲಿಗೆ ಬಂದು ‘ಗೆಲ್ಟ್! ಗೆಲ್ಟ್! ಗೆಲ್ಟ್!’ ಎಂದು ಹಾಡುವ ಮೇಳಗೀತೆಯೊಂದು ಇದರಲ್ಲಿದೆ. ಇನ್ನು ಕಾಯಲಾರೆವು, ಹಣ ಕೊಡು ಎಂಬುದು ಅದರ ಸಾರ. ವೇಬರ್ ಈ ಕೃತಿಯಲ್ಲಿ ಮೊದಲು ರಚಿಸಿದ್ದು ಇದೇ ಹಾಡನ್ನು. ಅದಕ್ಕೆ ಕಾರಣವೂ ಇತ್ತು. ಸ್ಟುಟ್‌ಗಾರ್ಟ್‌ನಲ್ಲಿ ವ್ಯೂರ್ಟೆಂಬೆರ್ಗ್ ದೊರೆಯ ತಮ್ಮನಿಗೆ ಕಾರ್ಯದರ್ಶಿಯಾಗಿದ್ದ ವೇಬರ್ ತಾನೇ ಸಾಲದಲ್ಲಿ ಸಿಕ್ಕಿಕೊಂಡು, 1810ರ ಫೆಬ್ರವರಿಯಲ್ಲಿ ಬಂಧನಕ್ಕೊಳಗಾಗಿ, ತಂದೆಯೊಡನೆ ಆ ರಾಜ್ಯದಿಂದಲೇ ಗಡೀಪಾರಾಗಿದ್ದ. ಅದೇ ವರ್ಷ ಆಗಸ್ಟ್‌ನಲ್ಲಿ ಅವನು ಈ ಹಾಡಿಗೆ ಕೈಹಾಕಿದ. ಪಠ್ಯ ಬರೆದ ಹೀಮರ್ ಕೂಡ ಅದೇ ಸ್ಟುಟ್‌ಗಾರ್ಟ್‌ನ ಗೆಳೆಯ. ಬಾಗಿಲು ಬಡಿಯುವ ಸದ್ದನ್ನು ಇಬ್ಬರೂ ಹತ್ತಿರದಿಂದ ಬಲ್ಲವರೆಂದು ಆ ಹಾಡನ್ನು ಕೇಳಿದ ಯಾರಿಗಾದರೂ ಅನ್ನಿಸುತ್ತದೆ.

ಈ ಮೇಳದವರನ್ನು ಕನ್ನಡದಲ್ಲಿ ಏನೆನ್ನಬೇಕು? ‘ಸಾಲಗಾರರ ಕಾಟ’ ಎನ್ನುವಾಗ ಸಾಲಗಾರ ಎಂದರೆ ಸಾಲ ಕೊಟ್ಟವನು; ‘ಅವನು ದೊಡ್ಡ ಸಾಲಗಾರ’ ಎನ್ನುವಾಗ ಸಾಲ ಮಾಡಿದವನು. ಬ್ಯಾಂಕಿನ ಕಾಗದಗಳಲ್ಲಿ ‘ಸಾಲಗಾರ’ನೆಂದರೆ ಸಾಲ ಪಡೆದವನೇ. ‘ಸಾಲಗಾರರ ಮೇಳ’ ಎಂದು ಪಟ್ಟಿಯಲ್ಲಿ ಬರೆದರೆ ಹಸನ್‌ನಂಥ ಹತ್ತು ಮಂದಿ ಹಾಡುತ್ತಾರೆಂದು ಓದುಗ ತಿಳಿಯಬಹುದು. ಜರ್ಮನ್ ಮೂಲದಲ್ಲಿಯೂ ಒಂದು ಎರಡರ್ಥವಿದೆ: ಸಾಲ ಕೊಟ್ಟವನಿಗೆ ಇರುವ ‘ಗ್ಲೊಯ್ಬಿಗರ್’ ಎಂಬ ಪದ ನಂಬುಗೆ ಎಂಬರ್ಥದ ಮಾತಿನಿಂದ ಹುಟ್ಟಿದ್ದು, ದೇವರಲ್ಲಿ ನಂಬಿಕೆಯುಳ್ಳ ಭಕ್ತನಿಗೂ ಅದೇ ಪದ ಸಲ್ಲುತ್ತದೆ. ನಂಬಿ ಕೊಟ್ಟವನು ಎಂಬ ಆ ಭಾವವನ್ನು ಕನ್ನಡದ ಒಂದು ಪದದಲ್ಲಿ ಉಳಿಸುವುದು ನನ್ನಿಂದ ಆಗಲಿಲ್ಲ. ‘ಸಾಲಕೊಟ್ಟವರು’ ಎಂಬುದು ಸ್ಪಷ್ಟ, ಆದರೆ ಪಾತ್ರದ ಹೆಸರಾಗಿ ನಿಲ್ಲಲು ಅದಕ್ಕೆ ಬಿಗಿ ಸಾಲದು. ‘ಸಾಲಿಗರು’ ಎಂಬ ರೂಪ ಕೆಲವೆಡೆ ಕೊಟ್ಟವರಿಗೇ ಮೀಸಲಾಗಿ ಬಳಕೆಯಲ್ಲಿದೆ ಎಂದು ಕೇಳಿದ್ದೇನೆ. ನಿಮ್ಮ ಸೀಮೆಯಲ್ಲಿ ಹಾಗಿದ್ದರೆ ದಯವಿಟ್ಟು ಉದಾಹರಣೆಯ ವಾಕ್ಯದೊಡನೆ ತಿಳಿಸಬೇಕು.

‘ಗೆಲ್ಟ್’ಗೆ ಬರುವ ಪದವನ್ನು ಹಾಡಿ ನೋಡಿಯೇ ಆರಿಸಬೇಕು. ಮೂಲದಲ್ಲಿ ಒಂದೇ ಅಕ್ಷರ, ಕೊನೆಯಲ್ಲಿ ಬಡಿದು ನಿಲ್ಲುವ ವ್ಯಂಜನ. ‘ಹಣ’ ಎಂಬುದಕ್ಕೆ ಎರಡೂ ಲಘು. ಮೂರು ಸಲ ಕೂಗಿದರೆ ಸ್ವರ ಹರಡಿಕೊಂಡು ಒತ್ತಾಯ ಕರಗುತ್ತದೆ. ‘ದುಡ್ಡು’ ಪರವಾಗಿಲ್ಲ, ಆದರೆ ಕೊನೆಯ ಉಕಾರದಲ್ಲಿ ತುಟಿ ಮುಚ್ಚಿ ದನಿ ಒಳಗೆ ಹೋಗುತ್ತದೆ. ಮೇಳದವರು ಬಾಯ್ತೆರೆದು ಹಾಡಲು ಅದು ಒಗ್ಗದು. ಧಾರವಾಡ ಕಡೆಯ ‘ರೊಕ್ಕ’ವನ್ನು ಹಾಡಿ ನೋಡಿ: ‘ರೊಕ್ಕಾ! ರೊಕ್ಕಾ! ರೊಕ್ಕಾ!’ ಮೊದಲ ಅಕ್ಷರ ಗುರು, ಒತ್ತಕ್ಷರದಲ್ಲಿ ಬಾಗಿಲು ಬಡಿದ ಪೆಟ್ಟು, ಕೊನೆಗೆ ಬಾಯಿ ತೆರೆದ ಸ್ವರ. ಉಳಿದ ಪಠ್ಯವನ್ನು ಶಿಷ್ಟ ಕನ್ನಡದಲ್ಲಿ ಇಟ್ಟು ಮೇಳಕ್ಕೆ ಮಾತ್ರ ಈ ಪದ ಕೊಡುವುದು ಉಚಿತವೇ ಎಂಬುದು ಮತ್ತೊಂದು ಪ್ರಶ್ನೆ. ಉಚಿತವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಮನೆಯೊಳಗಿನವರ ಮಾತಿಗೂ ಬೀದಿಯಿಂದ ನುಗ್ಗಿದವರ ಮಾತಿಗೂ ಇರುವ ಅಂತರ ಅಲ್ಲಿ ಕಿವಿಗೆ ಬೀಳಬೇಕು.

ಫಾತಿಮಾಳ ಒಂದು ಹಾಡಿನ ಬಗೆಯನ್ನೂ ಹೆಸರಿಸಬೇಕಾಗಿದೆ. ಸತ್ತಂತೆ ಮಲಗಿರುವ ಗಂಡನ ಪಕ್ಕದಲ್ಲಿ ಅವಳು ಗೋಳಾಡುವ ಹಾಡನ್ನು ವೇಬರ್ 1823ರಲ್ಲಿ, ತಾನು ಡ್ರೆಸ್ಡೆನ್‌ನ ಜರ್ಮನ್ ಆಪೆರಾದ ಮುಖ್ಯಸ್ಥನಾಗಿದ್ದಾಗ, ಹೊಸದಾಗಿ ಸೇರಿಸಿದ. ‘ಶೋಕಗೀತೆ’, ‘ಚರಮಗೀತೆ’ ಎರಡೂ ಕವಿಯ ಗಂಭೀರ ರಚನೆಗಳಿಗೆ ಸಂದ ಹೆಸರುಗಳು. ಇಲ್ಲಿ ಶೋಕ ಹುಸಿಯಾದರೂ ಸಂಗೀತ ಹುಸಿಯಲ್ಲ, ನಿಜವಾದ ದುಃಖಕ್ಕೆ ಸಲ್ಲಬೇಕಾದ ಗಾಂಭೀರ್ಯದಲ್ಲಿಯೇ ಅದು ಬರೆದದ್ದು. ನಗೆ ಹುಟ್ಟುವುದು ನೆಲದ ಮೇಲೆ ಕಣ್ಣುಮುಚ್ಚಿ ಉಸಿರು ಬಿಗಿಹಿಡಿದಿರುವ ಹಸನ್‌ನಿಂದ. ಹಾಗಾಗಿ ‘ಅಳುಹಾಡು’ ಎಂದು ಜನಪದದ ಪದವನ್ನೇ ಬಳಸಿದ್ದೇನೆ. ಸತ್ತವರ ಮುಂದೆ ಗುಣಗಳನ್ನು ಎಣಿಸಿ ಎಣಿಸಿ ರಾಗವಾಗಿ ಅಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದ್ದುದರಿಂದ ಆ ಪದ ಸನ್ನಿವೇಶವನ್ನು ಒಡನೆಯೇ ಕಣ್ಣಮುಂದೆ ತರುತ್ತದೆ.

ಉಳಿದಿರುವುದು ಖಲೀಫ, ಝುಬೈದೆಯಂಥ ಹಾಡದ ಪಾತ್ರಗಳ ಹೆಸರು. ಜರ್ಮನರು ಅವನ್ನು ‘ಶ್ಪ್ರೆಕ್‌ರೊಲೆ’ ಎನ್ನುತ್ತಾರೆ. ಪಾತ್ರಗಳ ಪಟ್ಟಿಯಲ್ಲಿ ಹಾಡುವವರ ಹೆಸರಿನ ಮುಂದೆ ಕಂಠದ ವರ್ಗವನ್ನು ನಮೂದಿಸಿ, ಇವರ ಮುಂದೆ ಆ ಪದವನ್ನು ಬರೆಯುವುದು ರೂಢಿ. ‘ಮಾತಿನ ಪಾತ್ರ’ ಎಂದರೆ ಅರ್ಥವಾಗುತ್ತದೆ, ಆದರೆ ಹಾಡುವವರೂ ಮಾತನಾಡುತ್ತಾರಾದ್ದರಿಂದ ವ್ಯತ್ಯಾಸ ಪೂರ್ತಿ ಹೊರಬರುವುದಿಲ್ಲ. ‘ಬರಿಮಾತಿನ ಪಾತ್ರ’ ಎಂದರೆ ಖಲೀಫನನ್ನು ಹಗುರ ಮಾಡಿದಂತೆ ಕೇಳುತ್ತದೆ. ಕಂಪನಿ ನಾಟಕಗಳಲ್ಲಿ ಹಾಡುವ ನಟರಿಗೆ ‘ನಟಗಾಯಕ’ ಎಂಬ ಹೆಸರು ಗೌರವದಿಂದ ಸಲ್ಲುತ್ತಿತ್ತು. ಹಾಡದ, ಆದರೆ ಮಾತಿನ ಬಲದಿಂದಲೇ ನಾಟಕವನ್ನು ಹೊತ್ತು ನಿಲ್ಲಿಸುತ್ತಿದ್ದ ನಟರನ್ನು ಕಂಪನಿಯೊಳಗೆ, ಹಾರ್ಮೋನಿಯಂ ಮಾಸ್ತರರ ಮತ್ತು ಮಾಲೀಕರ ಬಾಯಲ್ಲಿ, ಏನೆಂದು ಕರೆಯುತ್ತಿದ್ದರು? ಕಂಪನಿಗಳಲ್ಲಿ ದುಡಿದವರ, ಅವರ ಮನೆಮಂದಿಯ ನೆನಪಿನಲ್ಲಿ ಆ ಪದ ಉಳಿದಿದ್ದರೆ, ಅದನ್ನು ಯಾವ ಕಂಪನಿಯಲ್ಲಿ, ಯಾವ ಸೀಮೆಯಲ್ಲಿ ಕೇಳಿದ್ದೆಂಬ ವಿವರದೊಡನೆ ತಿಳಿಸಬೇಕೆಂದು ವಿನಂತಿಸುತ್ತೇನೆ.